ಗೋಧಿ ಒಲ್ಲದ ಬೀಗತಿ

ಡಾಕ್ಟರು ರೋಗದ ಹೆಸರು ಹೇಳಿದಾಗ ನಾನು ನಕ್ಕುಬಿಟ್ಟೆ. ರೋಗ ಬಂದದ್ದಕ್ಕೆ ನಗುವ ಪೇಷಂಟನ್ನು ಅವರು ಅದಕ್ಕೂ ಮುಂಚೆ ನೋಡಿರಲಿಲ್ಲವೆಂದು ಕಾಣುತ್ತದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಇನ್ನೊಮ್ಮೆ ನೋಡಿದರು.

ಬಹಳ ದಿನಗಳಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುತ್ತಿರಲಿಲ್ಲ. ಉಂಡರೆ ಉಬ್ಬರ, ಉಣ್ಣದಿದ್ದರೆ ಸಂಕಟ. ಮೈಯಲ್ಲಿ ರಕ್ತವಿಲ್ಲ, ಶಾಲೆಯ ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ಇದು ಗ್ಯಾಸ್ ಎಂದು ನಮ್ಮ ಓಣಿಯವರು ಒಮ್ಮತದಿಂದ ತೀರ್ಮಾನಿಸಿದ್ದರು. ಹೊತ್ತು ಹೊತ್ತಿಗೆ ಇಂಗಿನ ನೀರು ಕುಡಿಸಿದರು. ಕುಡಿದಷ್ಟೂ ಹೆಚ್ಚಾಯಿತು. ಕೊನೆಗೆ ಬಾಗಲಕೋಟೆಯಲ್ಲೇ ಹೊಟ್ಟೆಯ ಡಾಕ್ಟರೊಬ್ಬರ ಹತ್ತಿರ ಹೋದೆ. ಅವರು ರಕ್ತ ತೆಗೆಸಿದರು. ಬಾಯಿಯೊಳಗಿಂದ ಒಂದು ಕ್ಯಾಮೆರಾ ಇಳಿಬಿಟ್ಟರು.

ನಾನು ನವನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ವರ್ಷ ವರ್ಷವೂ ಬಣ್ಣದ ಸೀಮೆಸುಣ್ಣದಲ್ಲಿ ಸಣ್ಣ ಕರುಳಿನ ಚಿತ್ರ ಬಿಡಿಸಿ, ಅದರೊಳಗೆ ಬೆರಳಿನಂಥ ಎಳೆಗಳನ್ನು ತಿದ್ದಿ, "ಆಹಾರವನ್ನು ಹೀರಿಕೊಳ್ಳುವುದು ಇವೇ ಮಕ್ಕಳೇ" ಎಂದು ಪಾಠ ಮಾಡಿದವಳು. ನನ್ನ ಸ್ವಂತ ಕರುಳಿನಲ್ಲಿ ಆ ಎಳೆಗಳೇ ಸವೆದು ಬೋಳಾಗಿದ್ದನ್ನು ಡಾಕ್ಟರು ಪರದೆಯ ಮೇಲೆ ತೋರಿಸಿದರು. ಬೋರ್ಡಿನ ಮೇಲಿನ ಕರುಳೇ ಎಷ್ಟೋ ಚೆನ್ನಾಗಿತ್ತು!

"ಇದಕ್ಕ ಸೀಲಿಯಾಕ್ ಅಂತಾರ್ರಿ" ಎಂದರು ಅವರು. "ಗೋದಿಯೊಳಗ ಗ್ಲುಟೆನ್ ಅಂತ ಒಂದು ಅಂಟು ಇರತೈತಿ. ಅದು ಒಳಗ ಹೋದ ಕೂಡಲೆ ನಿಮ್ಮ ಮೈ ತಪ್ಪು ತಿಳಕೊಂಡು ತನ್ನ ಕರುಳಿನ ಮ್ಯಾಲೆ ತಾನ ಯುದ್ಧಕ್ಕ ಬೀಳತೈತಿ. ಇದಕ್ಕ ಗುಳಿಗಿ ಇಲ್ಲ, ಇಂಜೆಕ್ಷನ್ ಇಲ್ಲ. ಗೋದಿ, ಮೈದಾ, ರವಾ, ಬಾರ್ಲಿ, ಜೀವ ಇರೂತನಾ ಬಂದ್. ಪಥ್ಯಾನ ಔಷಧ."

ನಾನು ನಕ್ಕದ್ದು ಆಗ.

"ಅಷ್ಟನಾ ಸರ್? ನಾವು ಜ್ವಾಳದ ರೊಟ್ಟಿ ತಿನ್ನೂ ಮಂದಿರೀ! ಗೋದಿಗೂ ನಮಗೂ ಏನ ಸಂಬಂಧ?"

ಹೊರಗೆ ಬೆಂಚಿನ ಮೇಲೆ ನಮ್ಮ ಯಜಮಾನರು ಕಾಯುತ್ತಿದ್ದರು. ನೀರಾವರಿ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಕಿವಿ ಸ್ವಲ್ಪ ಮಂದ, ಅಭಿಪ್ರಾಯಗಳು ಮಾತ್ರ ಚುರುಕು.

"ಏನಂದ್ರು?"

"ಸೀಲಿಯಾಕ್ ಅಂತ."

"ಸೀರಿಯಲ್ಲಾ? ನಾ ಹೇಳಿರ್ಲಿಲ್ಲ? ಸಂಜಿ ಆತಂದ್ರ ಟಿ.ವಿ. ಮುಂದ ಕುಂಡ್ರತಿ. ಅತ್ತಿ-ಸೊಸಿ ಜಗಳ ನೋಡಿ ನೋಡಿ ಕರುಳ ಕೆಟ್ಟಾವು!"

ಅಲ್ಲಿ ಕುಳಿತಿದ್ದ ಉಳಿದ ರೋಗಿಗಳೆಲ್ಲ ನನ್ನನ್ನು ಕನಿಕರದಿಂದ ನೋಡಿದರು. ಅವರಲ್ಲಿ ಒಬ್ಬಾಕೆ ತಾನೂ ಸೀರಿಯಲ್ ಬಿಡಬೇಕೇ ಎಂದು ಒಳಗೆ ಹೋಗಿ ಕೇಳಿದಳಂತೆ.

ಗೋಧಿಗೂ ನಮಗೂ ಏನು ಸಂಬಂಧ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಬೆಳಗಿನ ಉಪ್ಪಿಟ್ಟು ಗೋಧಿ. ಚಹಾದ ಜೊತೆಯ ಬಿಸ್ಕೀಟು ಗೋಧಿ. ಹಬ್ಬದ ಹೋಳಿಗೆ, ಕರಿಗಡಬು, ಶ್ಯಾವಿಗೆ, ಬೇಸರಕ್ಕೆ ತಿನ್ನುವ ಶಂಕರಪೋಳಿ, ಎಲ್ಲ ಗೋಧಿಯ ವಂಶವೇ. ಯಜಮಾನರು ಭೂತಗನ್ನಡಿ ಹಿಡಿದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಿಖೆ ಮಾಡತೊಡಗಿದರು. ಇಂಗಿನ ಡಬ್ಬಿಗೆ ಬಂದಾಗ ಅವರ ಮುಖ ಗಂಭೀರವಾಯಿತು.

"ಸರೋಜಾ, ಇದರಾಗ ಇಂಗಿಗಿಂತ ಗೋದಿ ಹಿಟ್ಟ ಹೆಚ್ಚೈತಿ!"

ಇಷ್ಟು ದಿನ ಹೊಟ್ಟೆಯುಬ್ಬರಕ್ಕೆ ಔಷಧವೆಂದು ನಾನು ಬಟ್ಟಲು ಬಟ್ಟಲು ಕುಡಿದದ್ದು ಗೋಧಿಯ ನೀರು! ಓಣಿಯವರ ಪ್ರೀತಿ ನನ್ನನ್ನು ಕೊಲ್ಲುವುದೊಂದು ಬಾಕಿ ಇತ್ತು.

ಜೋಳದ ಹಿಟ್ಟಿಗೂ ನೆಮ್ಮದಿ ಇರಲಿಲ್ಲ. ಗಿರಣಿಯಲ್ಲಿ ನನ್ನ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಿದ್ದರು. ಅದಕ್ಕೆ ಸಣ್ಣದೊಂದು ಬೀಸುವ ಯಂತ್ರವನ್ನೇ ಮನೆಗೆ ತಂದೆವು. ಅದು ಶುರುವಾದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಪಕ್ಕದ ಮನೆಯ ಮಾದೇವಕ್ಕ ಸದ್ದು ಕೇಳಿ ಓಡಿ ಬಂದು, ವಿಷಯ ತಿಳಿದು ಮರುಗಿ, ಮರುದಿನವೇ ಒಂದು ತಾಟು ಮುಚ್ಚಿಕೊಂಡು ಬಂದರು.

"ಟೀಚರ, ನಿಮ್ಮ ಸಲುವಾಗಿನ ಮಾಡೇನಿ. ಇದರಾಗ ಒಂದು ಚೂರೂ ಗೋದಿ ಇಲ್ಲ."

"ಏನ್ರಿ ಇದು?"

"ಬರೇ ಮೈದಾ!"

ಇಂಥವರ ನಡುವೆ ಬದುಕುತ್ತಲೂ ನಾನು ಪಥ್ಯ ಹಿಡಿದೆ. ರೊಟ್ಟಿ, ಅನ್ನ, ನವಣೆ, ಸಜ್ಜೆ. ಕೆಲವು ತಿಂಗಳಲ್ಲೇ ಹೊಟ್ಟೆ ತಣ್ಣಗಾಯಿತು, ಮುಖದಲ್ಲಿ ರಕ್ತ ಬಂತು, ಮೆಟ್ಟಿಲು ಹತ್ತಿದರೂ ಕಣ್ಣು ಬೆಳಕಾಗಿಯೇ ಇರುತ್ತಿತ್ತು. ನನ್ನ ಸಂಯಮಕ್ಕೆ ನಾನೇ ಮೆಚ್ಚಿ, ಸ್ಟಾಫ್ ರೂಮಿನಲ್ಲಿ ಪಥ್ಯದ ಬಗ್ಗೆ ಭಾಷಣ ಮಾಡುವ ಮಟ್ಟಕ್ಕೆ ಬಂದಿದ್ದೆ. ನಾನು ಊಟದ ಡಬ್ಬಿ ಬಿಚ್ಚಿದರೆ ಸಹೋದ್ಯೋಗಿಗಳು ಬೇರೆ ಬೆಂಚಿಗೆ ಹೋಗುತ್ತಿದ್ದರು.

ಆಗ ನಮ್ಮ ಮಗನಿಗೆ ಹೆಣ್ಣು ಗೊತ್ತಾಯಿತು.

ಮಗ ಮಂಜು ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಬಂಡೆಗಲ್ಲನ್ನೇ ಕನ್ನಡಿ ಮಾಡುವವನು, ಆದರೆ ಹೆಣ್ಣುಮಕ್ಕಳ ಎದುರು ಬಾಯಿ ಬಿಡಲಾರ. ಅವನಿಗೆ ಬಾದಾಮಿಯ ಹುಡುಗಿ ಅಕ್ಷತಾ ಒಪ್ಪಿಗೆಯಾದಳು. ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರು, ಕಾಲೇಜಿನಲ್ಲಿ ಖೋ ಖೋ ಆಡಿದ ಗಟ್ಟಿಗಿತ್ತಿ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಫೋನಿನಲ್ಲಿ ಮಾತಾಡತೊಡಗಿದ್ದರು. ಇವನು ಮಾತಾಡುತ್ತಾನೆ ಎಂಬುದೇ ನಮಗೆ ಹೊಸ ಸುದ್ದಿ. ಈ ಸಂಬಂಧ ತಪ್ಪಿದರೆ ಮಗ ಮತ್ತೆ ಕಲ್ಲಾಗುತ್ತಾನೆ ಎಂದು ನನಗೆ ಒಳಗೊಳಗೇ ಭಯ. ಇನ್ನು ಹಿರಿಯರು ಕುಳಿತು ಮಾತು ಮುಗಿಸಿ, ಉಂಡು ಬರುವುದೊಂದೇ ಬಾಕಿ.

ಈ ಸಂಬಂಧ ತಂದವರು ಯಜಮಾನರ ಅಕ್ಕ, ಹುನಗುಂದದ ಗಂಗಕ್ಕನವರು. ಹೊರಡುವ ಮುಂಚೆ ಅವರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ಸರೋಜಾ, ನಿನ್ನ ಗೋದಿ ಪುರಾಣ ಅಲ್ಲಿ ತಗೀಬ್ಯಾಡ. 'ತಾಯಿಗೆ ರೋಗ ಐತಿ, ನಾಳೆ ಮಗಗೂ ಬರತೈತಿ' ಅಂತಾರ. ಲಗ್ನ ಆಗೂತನಾ ಹೊಟ್ಟಿ ವಿಷಯ ಹೊಟ್ಟ್ಯಾಗ ಇರಲಿ."

"ಅಕ್ಕಾರ, ಸಿಹಿ ಊಟ ಹಾಕಿದ್ರ ಏನ ಮಾಡ್ಲಿ?"

"ಹಾಕಿದ್ರ ಅಂದ್ರ? ಹಾಕೇ ಹಾಕ್ತಾರ! ಗಂಡಿನ ತಾಯಿ ಸಿಹಿ ಮುಟ್ಟಲಿಲ್ಲಂದ್ರ ಹೆಣ್ಣು ಮನಸ್ಸಿಗೆ ಬಂದಿಲ್ಲ ಅಂತ ಅರ್ಥ. ಏನರೆ ನೆವ ಹೇಳು. ಸಾಲಿ ಕಲಿಸಾಕಿ ಅದಿ, ಅಷ್ಟು ಹೊಳಿಯಂಗಿಲ್ಲೇನು?"

ಮಕ್ಕಳು ಹೋಂವರ್ಕ್ ಮಾಡದೆ ಬಂದಾಗ ಹೇಳುವ ನೆವಗಳನ್ನು ಇಪ್ಪತ್ತು ವರ್ಷ ಕೇಳಿದ ಅನುಭವ ನನ್ನದು. ಒಂದು ನೆವ ಹೊಳೆಯದೆ ಇರುತ್ತದೆಯೇ! ಇಳಕಲ್ ಸೀರೆ ಉಟ್ಟು, ಧೈರ್ಯವಾಗಿ ಕ್ರೂಸರ್ ಗಾಡಿ ಹತ್ತಿದೆ.

ಬಾದಾಮಿಯಲ್ಲಿ ಬೀಗರ ಮನೆ ಕೆಂಪು ಗುಡ್ಡದ ಕೆಳಗೆ, ಹಳೆಯ ಓಣಿಯಲ್ಲಿ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಉದ್ದನೆಯ ಹಿತ್ತಲು, ಹಿತ್ತಲಿನ ತುದಿಯಲ್ಲಿ ಸಂಡಾಸ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮಾತುಕತೆ ಸುಸೂತ್ರವಾಗಿ ನಡೆಯಿತು. ಹುಡುಗಿಯ ತಂದೆ ಸಂಗಪ್ಪನವರು ಮೃದು ಮನುಷ್ಯ. ತಾಯಿ ಗೌರಕ್ಕನದು ಸ್ವಲ್ಪ ಜೋರು ಬಾಯಿ. ಮನೆಯ ಯಜಮಾನಿಕೆ ಮಾತ್ರ ಹಣೆತುಂಬ ವಿಭೂತಿ ಹಚ್ಚಿದ ಅಜ್ಜಿ ನೀಲವ್ವನದು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಓಣಿಯ ಎಷ್ಟೋ ಮದುವೆಗಳಿಗೆ ಹುಗ್ಗಿ ಮಾಡಿದ ಕೈ ಅದು ಎಂದು ಸಂಗಪ್ಪನವರು ಹೆಮ್ಮೆಯಿಂದ ಹೇಳಿದರು.

ಹುಗ್ಗಿ ಎಂದರೆ ನಮ್ಮ ಕಡೆ ಗೋಧಿ ಹುಗ್ಗಿ. ಕುಟ್ಟಿದ ಗೋಧಿಯನ್ನು ಬೆಲ್ಲದಲ್ಲಿ ಹದವಾಗಿ ಬೇಯಿಸಿ, ಗಸಗಸೆ, ಒಣಕೊಬ್ಬರಿ, ಏಲಕ್ಕಿ ಬೆರೆಸಿ, ಮೇಲೆ ತುಪ್ಪ ಸುರಿದದ್ದು. ಅದರಲ್ಲಿ ಗೋಧಿ ಇದೆಯೋ ಇಲ್ಲವೋ ಎಂದು ಭೂತಗನ್ನಡಿ ಹಿಡಿಯುವ ಪ್ರಶ್ನೆಯೇ ಇಲ್ಲ. ಪೂರ್ತಿ ಗೋಧಿ!

ಊಟಕ್ಕೆ ಕುಳಿತೆವು. ನೀಲವ್ವ ಖುದ್ದಾಗಿ ಸೌಟು ಹಿಡಿದು ನನ್ನ ಎಲೆಯ ಮುಂದೆ ಬಂದಳು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

"ಆಯಿ, ಇವತ್ತ ನನ್ನ ಉಪವಾಸ ಐತ್ರಿ."

"ಬುಧವಾರ ಯಾವ ದೇವರ ಉಪವಾಸವ್ವಾ?"

ವಾರ ನೋಡಿಕೊಳ್ಳದೆ ಉಪವಾಸ ಘೋಷಿಸಿದ್ದೆ! ಅಷ್ಟರಲ್ಲಾಗಲೇ ನಾನು ಒಂದು ರೊಟ್ಟಿ, ಬದನೆಕಾಯಿ ಪಲ್ಯ ಮುಗಿಸಿದ್ದೆ. ಉಪವಾಸದ ಬಾಯಿಯಲ್ಲಿ ಶೇಂಗಾ ಚಟ್ನಿಯ ಕೆಂಪು ಕಾಣುತ್ತಿತ್ತು. ನಾನು ಗಡಿಬಿಡಿಯಿಂದ ತಿದ್ದಿದೆ.

"ಉಪವಾಸ ಅಲ್ಲರಿ, ಹರಕಿ. ಮಗನ ಲಗ್ನ ಗಟ್ಟಿ ಆಗೂತನಾ ಗೋದಿ ಮುಟ್ಟಂಗಿಲ್ಲ ಅಂತ ಕೂಡಲಸಂಗಮಕ್ಕ ಹೋಗಿ ಸಂಗಮನಾಥಗ ಹರಕಿ ಹೊತ್ತೇನಿ."

ಸಾಲಿನಲ್ಲಿ ಕುಳಿತವರೆಲ್ಲ ಊಟ ನಿಲ್ಲಿಸಿ ಭಕ್ತಿಯಿಂದ ನನ್ನನ್ನು ನೋಡಿದರು. ಗಂಗಕ್ಕ ಹುಬ್ಬೆತ್ತಿ ಶಹಬ್ಬಾಸ್ ಎಂದರು. ನೀಲವ್ವ ಮಾತ್ರ ಸೌಟು ಕೆಳಗಿಳಿಸಲಿಲ್ಲ.

"ಸಂಗಮನಾಥಗ ಗೋದಿ ಮ್ಯಾಲೆ ಏನವ್ವಾ ಸಿಟ್ಟು? ಅಲ್ಲಿ ಪ್ರಸಾದಕ್ಕ ನಾನ ಹುಗ್ಗಿ ಉಂಡು ಬಂದೇನಿ."

"ಅದು... ದೇವರ ಸಿಟ್ಟಲ್ಲರಿ, ನನ್ನ ಭಕ್ತಿ."

ನೀಲವ್ವನ ಮುಖ ಅರಳಿತು.

"ಅಯ್ಯ! ಲಗ್ನ ಗಟ್ಟಿ ಆಗೂತನಾ ಅಂದಿ. ಈಗ ಪಡಸಾಲ್ಯಾಗ ಗಟ್ಟಿ ಆತಲ್ಲ! ನಿನ್ನ ಹರಕಿ ನಮ್ಮ ಮನಿಯೊಳಗ ತೀರಿತು. ಏ ಸಂಗಪ್ಪಾ, ಎಂಥಾ ಪುಣ್ಯ ನೋಡೋ ನಮ್ಮದು! ತುಪ್ಪದ ಗಿಂಡಿ ತಾ!"

ನನ್ನ ಎಲೆಯ ಮೇಲೆ ದಪ್ಪನೆ ಹುಗ್ಗಿ ಬಿತ್ತು. ಅದರ ಮೇಲೆ ತುಪ್ಪ. ಸುತ್ತಲೂ ಜನ. ಹರಕೆ ತೀರುವುದನ್ನು ನೋಡಲು ಅಡುಗೆಮನೆಯಲ್ಲಿದ್ದ ಹೆಂಗಸರೂ ಬಾಗಿಲಿಗೆ ಬಂದು ನಿಂತರು. ಯಾರೋ ಕೈ ಮುಗಿದದ್ದೂ ಕಂಡಿತು.

ನಾನು ಮೆಲ್ಲಗೆ ಎಲೆಯನ್ನು ಯಜಮಾನರ ಕಡೆ ಸರಿಸಿದೆ. ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಿಹಿ ಬಂದ್. ಅವರು ಆಗಲೇ ತಮ್ಮ ಪಾಲಿನದನ್ನು ಮುಗಿಸಿ, ನನ್ನದರಲ್ಲಿ ಬೆರಳಿಟ್ಟು, "ನಿನ್ನ ಸಲುವಾಗಿ ತಿನ್ನಾಕತ್ತೇನಿ, ಬ್ಯಾರೆ ಏನೂ ಇಲ್ಲ" ಎಂದು ಪಿಸುಗುಟ್ಟಿದರು.

"ಅಯ್ಯ, ಬೀಗರು ಹೆಂಡತಿ ಎಲಿಯೊಳಗ ಕೈ ಹಾಕ್ಯಾರ!" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು. ನೀಲವ್ವ ನಗುನಗುತ್ತಲೇ ನನ್ನ ಪಕ್ಕ ಕುಳಿತು, ತನ್ನ ಕೈಯಿಂದ ಒಂದು ತುತ್ತು ಮಾಡಿ ನನ್ನ ಬಾಯಿಗೆ ಹಿಡಿದಳು. ಬಾಗಿಲ ಮರೆಯಲ್ಲಿ ಅಕ್ಷತಾ ನಿಂತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಈ ಅತ್ತೆಗೆ ನಾನು ಬೇಡವೇನೋ ಎಂಬ ಆತಂಕವಿತ್ತು.

ಬಾಯಿ ತೆರೆದೆ.

ಏನೆಂದು ಹೇಳಲಿ! ಎಷ್ಟು ತಿಂಗಳಾಗಿತ್ತು ಆ ರುಚಿ ನಾಲಿಗೆಗೆ ತಾಗಿ! ಮೊದಲ ತುತ್ತನ್ನು ತಿಂದದ್ದು ಮಗನ ಸಂಸಾರಕ್ಕಾಗಿ, ಅದು ಸತ್ಯ. ಎಲೆಯಲ್ಲಿದ್ದದ್ದನ್ನು ಮುಗಿಸಿದ್ದು ಬೀಗರ ಮರ್ಯಾದೆಗಾಗಿ, ಅದೂ ಸತ್ಯ. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡೆನಲ್ಲ, ಅದಕ್ಕೆ ಮಾತ್ರ ನನ್ನ ಹತ್ತಿರ ಯಾವ ಕಾರಣವೂ ಇಲ್ಲ.

ಎಲೆ ಅಡಿಕೆ ಹಾಕಿಕೊಂಡು ಗಂಡಸರು ಹಿತ್ತಲಿನ ಬೇವಿನ ನೆರಳಿನಲ್ಲಿ ಹೊರಸು, ಕುರ್ಚಿ ಹಾಕಿಕೊಂಡು ಕುಳಿತರು. ಬಿಸಿಲು ಇಳಿದ ಮೇಲೆ ನಮಗೆ ಗುಡ್ಡದ ಗುಹೆಗಳಾದ ಮೇಣಬಸದಿ ತೋರಿಸುವುದೆಂದು ತೀರ್ಮಾನವಾಯಿತು. ನಾನು ಪಡಸಾಲೆಯಲ್ಲಿ ಹೆಂಗಸರ ಜೊತೆ ಸೀರೆಯ ಮಾತಾಡುತ್ತಿದ್ದೆ. ಮೊದಲು ಹೊಟ್ಟೆಯೊಳಗೆ ಯಾರೋ ಬೀಸುವ ಯಂತ್ರ ಹಚ್ಚಿದಂತಾಯಿತು. ಆಮೇಲೆ ಹಣೆಯ ಮೇಲೆ ತಣ್ಣನೆ ಬೆವರು. ಆಮೇಲೆ ಯೋಚಿಸಲು ಸಮಯವಿರಲಿಲ್ಲ. ಚರಗಿಯಲ್ಲಿ ನೀರು ತೆಗೆದುಕೊಂಡು ಹಿತ್ತಲಿಗೆ ಓಡಿದೆ.

ಹಿತ್ತಲಿನಲ್ಲಿ ಹೆಣ್ಣಿನ ಕಡೆಯ ಗಂಡಸರೆಲ್ಲ ಇದ್ದರು. ಗಂಡಿನ ತಾಯಿ ಬಂದಳೆಂದು ಅವರೆಲ್ಲ ತಟ್ಟನೆ ಎದ್ದು ನಿಂತರು. ಒಬ್ಬರು ಟೊಪ್ಪಿಗೆ ಸರಿಪಡಿಸಿಕೊಂಡರು. ನಾನು ಚರಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮುಗುಳ್ನಕ್ಕು, ಆ ಗೌರವದ ಸಾಲಿನ ನಡುವೆ ನಡೆದುಹೋದೆ. ತಿರುಗಿ ಬರುವಾಗಲೂ ಎದ್ದು ನಿಂತರು. ಇದು ಒಮ್ಮೆಗೆ ಮುಗಿದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಕುಳಿತು ಸೀರೆಯ ಅಂಚಿನ ಮಾತು ಎತ್ತುವಷ್ಟರಲ್ಲಿ ಮತ್ತೆ ಚರಗಿ. ಮತ್ತೆ ಅವರು ಎದ್ದರು. ಮತ್ತೆ ನಾನು ಬಂದೆ. ಮತ್ತೆ ಎದ್ದರು. ಸ್ವಲ್ಪ ಹೊತ್ತಾದ ಮೇಲೆ ಅರ್ಧ ಎದ್ದು ಅರ್ಧ ಕುಳಿತರು. ಕೊನೆಕೊನೆಗೆ ಕುಳಿತುಕೊಳ್ಳುವ ಆಸೆಯನ್ನೇ ಬಿಟ್ಟು ನಿಂತೇ ಇದ್ದರು. ಮುಗುಳ್ನಗು ನನ್ನಲ್ಲೂ ಉಳಿದಿರಲಿಲ್ಲ.

"ಬೀಗತ್ಯಾರಿಗೆ ನಮ್ಮ ಹಿತ್ತಲ ಭಾಳ ಸೇರೇತಿ" ಎಂದು ಒಬ್ಬ ಮುದುಕ ಹೇಳಿದ್ದು ಕೇಳಿಸಿತು. ಅವನಿಗೆ ಯಾರೋ ಕಿವಿಯಲ್ಲಿ ವಿಷಯ ತಿಳಿಸಿದರು.

ನಾನು ಸಂಡಾಸದ ಒಳಗೆ ಗೋಡೆಗೆ ತಲೆ ಆನಿಸಿ ಕುಳಿತಿದ್ದಾಗ ಹೊರಗೆ ದೊಡ್ಡ ಮಾತು ಶುರುವಾಯಿತು. ಮೊದಲು ಗೌರಕ್ಕನ ದನಿ.

"ಅತ್ತಿ, ಹಳೇ ತುಪ್ಪ ಹಾಕಬ್ಯಾಡ್ರಿ ಅಂತ ಬಡಕೊಂಡೆ. ಈಗ ನೋಡ್ರಿ, ಬೀಗರ ಮುಂದ ಮಾನ ಹೋತು!"

"ತುಪ್ಪ ನಿನ್ನೆ ಕಾಸಿದ್ದಲೇ ತಾಯಿ" ಎಂದಳು ನೀಲವ್ವ.

"ಹಂಗಾರ ಗೋದಿ ಹುಳ ಹತ್ತಿದ್ದಿರಬೇಕು. ಕಣ್ಣು ಕಾಣಂಗಿಲ್ಲ, ಆದ್ರೂ ಸೌಟು ಬಿಡಂಗಿಲ್ಲ."

ಇನ್ನೊಂದು ಹೆಣ್ಣುದನಿ, ಹುಡುಗಿಯ ಚಿಕ್ಕಮ್ಮನದಿರಬೇಕು, "ಮೊದಲನೇ ಊಟಕ್ಕ ಹಿಂಗಾತಂದ್ರ ಈ ಸಂಬಂಧ ಕೂಡಿ ಬರೂದು ಕಷ್ಟ" ಎಂದಿತು. ಉಳಿದ ಹುಗ್ಗಿಯನ್ನು ಎಮ್ಮೆಗೆ ಸುರಿಯುವ ಮಾತೂ ಬಂತು. ಆಮೇಲೆ ನೀಲವ್ವ ಸಣ್ಣ ದನಿಯಲ್ಲಿ ಹೇಳಿದಳು.

"ಇವತ್ತಿಗೆ ಸಾಕು ಬಿಡ್ರಿ. ಇನ್ನ ಮ್ಯಾಲೆ ನಾ ಹುಗ್ಗಿ ಮಾಡಂಗಿಲ್ಲ. ಮೊಮ್ಮಗಳ ಸುಖಕ್ಕ ನನ್ನ ಕೈಯ ಅಡ್ಡ ಬಂತು."

ಅದನ್ನು ಕೇಳಿ ನನ್ನ ಹೊಟ್ಟೆನೋವು ಕೂಡ ಒಂದು ಕ್ಷಣ ಸುಮ್ಮನಾಯಿತು. ಅಷ್ಟು ರುಚಿಯ ಹುಗ್ಗಿಯನ್ನು ನಾನು ಜೀವಮಾನದಲ್ಲಿ ತಿಂದಿರಲಿಲ್ಲ. ಕಳ್ಳತನ ನನ್ನ ಕರುಳಿನದು, ಶಿಕ್ಷೆ ಆ ಮುದುಕಿಗೆ! ಬಾಯಿ ಬಿಟ್ಟರೆ ಮಗನ ಸಂಬಂಧ ಹೋಗಬಹುದು. ಬಾಯಿ ಮುಚ್ಚಿಕೊಂಡರೆ ಈ ಮನೆಯಲ್ಲಿ ಅಜ್ಜಿಯನ್ನು ಸಾಯುವ ತನಕ ಹಂಗಿಸುತ್ತಾರೆ. ಇಂಥ ಧರ್ಮಸಂಕಟದ ನಿರ್ಣಯಕ್ಕೆ ದೊಡ್ಡವರು ಗುಡಿಗೋ ಗವಿಗೋ ಹೋಗುತ್ತಾರೆ. ನನಗೆ ಒದಗಿದ ಜಾಗ ಅದು!

ಬಾಗಿಲು ತೆರೆದು ಹೊರಗೆ ಬಂದೆ. ಎಲ್ಲರೂ ಎದ್ದು ನಿಂತೇ ಇದ್ದರು. ಭಾಷಣಕ್ಕೆ ಅನುಕೂಲವೇ ಆಯಿತು.

"ಎಲ್ಲಾರೂ ಕೇಳ್ರಿ" ಎಂದೆ, ಒಂದು ಕೈಯಲ್ಲಿ ಚರಗಿ ಹಿಡಿದು. "ಆಯಿ ಮಾಡಿದ ಹುಗ್ಗಿಯೊಳಗ ಏನೂ ತಪ್ಪಿಲ್ಲ. ತುಪ್ಪ ಚಲೋ ಐತಿ, ಗೋದಿ ಚಲೋ ಐತಿ. ನಾನ ಸರಿ ಇಲ್ಲ. ನನಗ ರೋಗ ಐತಿ. ಗೋದಿ ತಿಂದ್ರ ಕರುಳಿಗೆ ಆಗಂಗಿಲ್ಲ. ಹರಕಿ ಅಂದದ್ದು ಸುಳ್ಳು. ಸಂಬಂಧ ತಪ್ಪೀತು ಅಂತ ಅಂಜಿ ಮುಚ್ಚಿಟ್ಟಿದ್ದೆ."

ಗಂಗಕ್ಕ ಹಣೆ ಬಡಿದುಕೊಂಡರು. ಮಗನ ಮುಖ ಪಾಲಿಶ್ ಮಾಡದ ಗ್ರಾನೈಟಿನಂತಾಯಿತು.

ಮೊದಲು ಮಾತಾಡಿದವಳು ನೀಲವ್ವ. ಹತ್ತಿರ ಬಂದು ನನ್ನ ಗಲ್ಲ ಹಿಡಿದಳು.

"ಹುಚ್ಚಿ! ಮೊದಲ ಹೇಳಿದ್ರ ನವಣಿ ಹುಗ್ಗಿ ಮಾಡ್ತಿದ್ದೆ. ಅದಕ್ಕ ಸಂಗಮನಾಥನ್ನ ಯಾಕ ನಡುವ ಎಳದಿ?"

"ಅಷ್ಟನಾ ರೋಗ?" ಎಂದರು ಸಂಗಪ್ಪನವರು. ಅವರ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇದ್ದಂತಿತ್ತು. "ನನಗ ಬಿ.ಪಿ. ಐತ್ರಿ. ಮ್ಯಾಲಿಂದ ಯೂರಿಕ್ ಆಸಿಡ್. ಬ್ಯಾಳಿ ಮುಟ್ಟಂಗಿಲ್ಲ ನಾ. ಇವತ್ತ ನಿಮ್ಮ ಮುಂದ ಹೇಳಾಕ ನಾಚಿಕಿ ಆಗಿ ಎರಡು ವಾಟಗಾ ಬ್ಯಾಳಿ ಸಾರು ಕುಡದೇನಿ. ಈಗ ಕಾಲಿನ ಹೆಬ್ಬೆರಳ ಹೊಡ್ಯಾಕತ್ತೈತಿ!"

ಅಲ್ಲಿಂದ ಮುಂದೆ ನಡೆದದ್ದನ್ನು ಏನೆಂದು ಬಣ್ಣಿಸಲಿ! ಟೊಪ್ಪಿಗೆಯವರು ಅಂಗಿ ಎತ್ತಿ ಹರ್ನಿಯಾ ಆಪರೇಶನ್ನಿನ ಗುರುತು ತೋರಿಸಿದರು. ಗೌರಕ್ಕ ಮೈಗ್ರೇನ್ ಎಂದರು. ಯಜಮಾನರು ಜೇಬಿನಿಂದ ಸಕ್ಕರೆಯ ಗುಳಿಗೆ ತೆಗೆದು, ತಡವಾಗಿ, ಎಲ್ಲರ ಎದುರು ನುಂಗಿದರು. ಒಬ್ಬರ ರೋಗಕ್ಕಿಂತ ಇನ್ನೊಬ್ಬರದು ದೊಡ್ಡದಾಗತೊಡಗಿತು. ನನ್ನದು ಎಲ್ಲಕ್ಕಿಂತ ಹಿಂದೆ ಬಿತ್ತು. ಹುಡುಗಿಯ ಚಿಕ್ಕಮ್ಮ ತನ್ನ ಚೀಲದಿಂದ ಥೈರಾಯ್ಡಿನ ಶೀಶೆ ತೆಗೆದು ತೋರಿಸಿದಳು. ಗಂಗಕ್ಕ ಅದನ್ನು ಕಂಡದ್ದೇ ಮೈಮರೆತು ಕೂಗಿದರು.

"ಇದನ್ನ ನಾನೂ ತೊಗೋತೇನಿ! ನಿಂದೆಷ್ಟು ಪವರ್?"

ಯಜಮಾನರು ತಮ್ಮ ಅಕ್ಕನ ಕಡೆ ಹೊರಳಿದರು. "ಅಕ್ಕಾ, ನಿನಗ ಥೈರಾಯ್ಡ್ ಐತಿ? ನಮಗ ಎಂದೂ ಹೇಳೇ ಇಲ್ಲ?"

ಗಂಗಕ್ಕ ಸೆರಗು ಸರಿಪಡಿಸಿಕೊಂಡು, "ಯಾರು ಕೇಳಿದ್ರಿ?" ಎಂದು ಎಮ್ಮೆಯ ಕಡೆ ನೋಡತೊಡಗಿದರು.

ಈ ಗದ್ದಲದ ನಡುವೆ ನನಗೆ ನೀರು ಬೇಕು ಎಂದು ನೆನಪಾದದ್ದು ಒಬ್ಬಳಿಗೆ ಮಾತ್ರ. ಅಕ್ಷತಾ ಲೋಟದಲ್ಲಿ ಸಕ್ಕರೆ, ಉಪ್ಪು ಕಲಸಿದ ನೀರು ತಂದು ನನ್ನ ಕೈಗಿಟ್ಟು, ಚರಗಿ ಇಸಿದುಕೊಂಡಳು. ಕುಡಿದು ಮುಗಿಸುವ ತನಕ ನನ್ನ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದಳು.

"ಅತ್ತಿ, ಇದು ಮಕ್ಕಳಿಗೂ ಬರಬಹುದಂತಲ್ರಿ. ಇವರ ರಕ್ತ ತೋರಿಸೀರೇನು?" ಎಂದು ಮಂಜುವಿನ ಕಡೆ ಕಣ್ಣು ಮಾಡಿದಳು.

ಡಾಕ್ಟರು ನನಗೆ ಅದನ್ನೇ ಹೇಳಿದ್ದರು. ಸೂಜಿ ಕಂಡರೆ ಓಡುವ ಇವನನ್ನು ನಾನು ಇನ್ನೂ ಒಪ್ಪಿಸಿರಲಿಲ್ಲ. ಆ ವಾರವೇ ಅಕ್ಷತಾ ಫೋನಿನಲ್ಲಿ ಒಂದು ಸೀಟಿ ಊದಿದಂತೆ ಹೇಳಿದಳು, ಇವನು ಹೋಗಿ ರಕ್ತ ಕೊಟ್ಟು ಬಂದ! ಅವನಲ್ಲಿ ಏನೂ ಇಲ್ಲವೆಂದು ಬಂತು. ಇದ್ದಿದ್ದರೂ ಅತ್ತೆಗೂ ಗಂಡನಿಗೂ ಅಡುಗೆ ಒಂದೇ ನಮೂನೆಯದಾಗಿ ತನಗೆ ಹಗುರಾಗುತ್ತಿತ್ತು ಎಂದಳಂತೆ ಅಕ್ಷತಾ. ಬಾದಾಮಿಗೆ ಹೋದ ಆ ದಿನ ನಾವು ಮೇಣಬಸದಿ ನೋಡಲಿಲ್ಲ. ಎಂಟು ದಿನ ನಾನು ಶಾಲೆಯನ್ನೂ ನೋಡಲಿಲ್ಲ. ಡಾಕ್ಟರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಸಂಬಂಧ ಉಳಿಯಿತು.

ಮದುವೆಯ ಊಟದ ಜವಾಬ್ದಾರಿ ಹೆಣ್ಣಿನ ಕಡೆಯವರದು. ನೀಲವ್ವ ಹಟ ಹಿಡಿದು ನನಗಾಗಿಯೇ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆಯವರನ್ನು ಇಡಿಸಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ನವಣೆ ಹುಗ್ಗಿ, ಜೋಳದ ನುಚ್ಚು. ನನ್ನ ಕಣ್ಣು ತುಂಬಿ ಬಂತು. ಆದರೆ ಅದನ್ನು ಗುಟ್ಟಾಗಿ ಬಡಿಸುತ್ತಾರೆಂದು ನಾನು ತಿಳಿದಿದ್ದು ತಪ್ಪಾಯಿತು. ಅಕ್ಷತೆ ಬಿದ್ದದ್ದೇ ತಡ, ಮೈಕಿನಲ್ಲಿ ದೊಡ್ಡ ದನಿ ಎದ್ದಿತು.

"ಬಂಧುಗಳಲ್ಲಿ ಸವಿನಯ ವಿನಂತಿ. ಗಂಡಿನ ತಾಯಿಯವರಾದ ಸರೋಜಾ ಟೀಚರ್ ಅವರಿಗೆ ಗೋಧಿ ತಿಂದರೆ ಹೊಟ್ಟೆ ಕೆಡುವ ಕಾರಣ, ಗೋಧಿ ಇಲ್ಲದ ಆರೋಗ್ಯಕರ ಭೋಜನವನ್ನು ಎಡಗಡೆಯ ಪ್ರತ್ಯೇಕ ಕೌಂಟರಿನಲ್ಲಿ ಏರ್ಪಡಿಸಲಾಗಿದೆ!"

ನನ್ನ ಶಾಲೆಯ ಸ್ಟಾಫ್, ನಮ್ಮ ಓಣಿ, ಇಳಕಲ್ಲಿನ ಕಾರ್ಖಾನೆಯವರು, ಹುನಗುಂದದ ಬಳಗ, ಎಲ್ಲರೂ ಏಕಕಾಲಕ್ಕೆ ವೇದಿಕೆಯ ಮೇಲಿದ್ದ ನನ್ನ ಹೊಟ್ಟೆಯನ್ನು ನೋಡಿದರು. ಆಮೇಲೆ ಎಲ್ಲರೂ ಎಡಗಡೆಗೆ ಹೊರಳಿದರು. ಆರೋಗ್ಯಕರ ಎಂದು ಕೇಳಿದ ಮೇಲೆ ಯಾರು ಬಿಟ್ಟಾರು!

ನಾನು ಫೋಟೋ ತೆಗೆಸಿಕೊಂಡು, ಉಡಿ ತುಂಬಿಸಿಕೊಂಡು, ಹಿರಿಯರ ಕಾಲಿಗೆ ಬಿದ್ದು, ಕಿರಿಯರನ್ನು ಕಾಲಿಗೆ ಬೀಳಿಸಿಕೊಂಡು ಕೌಂಟರಿಗೆ ಬರುವಷ್ಟರಲ್ಲಿ ನವಣೆ ಹುಗ್ಗಿಯ ಪಾತ್ರೆಯನ್ನು ತೊಳೆಯಲು ಹಾಕಿದ್ದರು. ರೊಟ್ಟಿಯ ಬುಟ್ಟಿಯಲ್ಲಿ ಬಟ್ಟೆ ಮಾತ್ರ ಇತ್ತು. ಬಲಗಡೆಯ ಕೌಂಟರಿನಲ್ಲಿ ಹೋಳಿಗೆಯ ರಾಶಿ ಮುಟ್ಟುವವರಿಲ್ಲದೆ ಬಿದ್ದಿತ್ತು.

ಮೂಲೆಯ ಕುರ್ಚಿಯಲ್ಲಿ ಕುಳಿತು, ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿಗಳ ನಡುವೆ ಕೈಯಾಡಿಸಿ ಬಾಳೆಹಣ್ಣು ಹುಡುಕಿ ತೆಗೆದೆ. ಪಕ್ಕದಲ್ಲಿ ಅಪರಿಚಿತರೊಬ್ಬರು ಕೊನೆಯ ಸಜ್ಜೆ ರೊಟ್ಟಿಯಲ್ಲಿ ಎಣ್ಣೆಗಾಯಿ ಬಳಿದು ತಿನ್ನುತ್ತಿದ್ದರು. ಬಾಯಿ ತುಂಬಿಕೊಂಡೇ ನನ್ನ ಕಡೆ ಹೊರಳಿ, ಅಂತಃಕರಣದಿಂದ ಹೇಳಿದರು.

"ಅಕ್ಕಾರ, ಬರೇ ಬಾಳಿಹಣ್ಣು ತಿಂದ್ರ ಹೆಂಗರಿ? ಹೋಗಿ ಈ ಗೋದಿ ಇಲ್ಲದ ಊಟ ಮಾಡ್ರಿ. ಹೊಟ್ಟಿಗೆ ಭಾಳ ಹಗುರ!"

ನಾನು ಸಿಪ್ಪೆ ಸುಲಿಯುತ್ತ, "ಹೌದೇನ್ರಿ?" ಎಂದೆ.